ಟಿವಿ ಯುನಿಟ್ಟಿನೊಳಗಿನ ರೂಟರ್, ಎನ್‌ವಿಆರ್‌ಗೆ ಎಕ್ಸಾಸ್ಟ್ ಫ್ಯಾನ್ ಕೂರಿಸುವುದು

ಬಾಗಿಲು ಹಾಕಿದ ಖಾನೆಯಲ್ಲಿ ರೂಟರ್, ಸೆಟ್‌ಟಾಪ್ ಬಾಕ್ಸ್, ಸಿಸಿಟಿವಿ ದೃಶ್ಯ ದಾಖಲಿಸುವ ಎನ್‌ವಿಆರ್ ಮೂರನ್ನೂ ತುರುಕಿಟ್ಟರೆ ಬೇಸಿಗೆಯಲ್ಲಿ ನೆಟ್ ಆಗಾಗ ಕಡಿಯುವುದು ಮಾಮೂಲು. ಬಹುತೇಕ ಮನೆ ರೂಟರ್‌ಗಳಿಗೆ ಕಂಪನಿಯವರು ಹೇಳುವ ಮಿತಿ, ಸುತ್ತಲಿನ ಗಾಳಿ 40 ಡಿಗ್ರಿ ಸೆಲ್ಸಿಯಸ್. ಫ್ಯಾನ್ ಹಾಕಿದರೂ ಖಾನೆ ಕೋಣೆಗಿಂತ ತಂಪಾಗದು. ಒಳಗೆ ಕಟ್ಟಿಕೊಂಡ ಬಿಸಿಗಾಳಿ ಹೊರಗೆ ಹೋಗುತ್ತದೆ, ಅಷ್ಟೆ. ಅದಕ್ಕೇ ಫ್ಯಾನಿಗಿಂತ ಮೊದಲು ಗಾಳಿ ಒಳಬರುವ ದಾರಿ ನೋಡಿ.

ಹಿಂಬದಿ ಹಲಗೆಯ ಮೇಲಿನ ಒಂದು ಮೂಲೆಯಲ್ಲಿ 115 ಮಿ.ಮೀ. ವ್ಯಾಸದ ತೂತು, ಅದರ ಎದುರು ಮೂಲೆಯಲ್ಲಿ ಕೆಳಗೆ ಅಷ್ಟೇ ದೊಡ್ಡದು ಅಥವಾ ಇನ್ನೂ ದೊಡ್ಡ ಕಂಡಿ ಬೇಕು. ಎರಡೂ ಅಕ್ಕಪಕ್ಕ ಇದ್ದರೆ ಬಂದ ಗಾಳಿ ಯಾವುದನ್ನೂ ಮುಟ್ಟದೆ ಹೊರಟುಹೋಗುತ್ತದೆ. ಗೋಡೆಯಿಂದ ಐದು ಸೆಂ.ಮೀ. ಆದರೂ ಜಾಗ ಬಿಡಿ. ಯುನಿಟ್ ಗೋಡೆಗೇ ಅಂಟಿದ್ದರೆ ತೂತು ಪಕ್ಕದ ಹಲಗೆಗೆ.

ಕಂಪ್ಯೂಟರಿನ 120 ಮಿ.ಮೀ., 12 ವೋಲ್ಟ್ ಫ್ಯಾನ್ ಸಾಕು, ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದ್ದೇ ಇದೆ. ಸ್ಕ್ರೂ ತೂತುಗಳ ನಡುವಿನ ಅಂತರ 105 ಮಿ.ಮೀ. ಮೋಟಾರನ್ನು ಹಿಡಿದಿರುವ ಕಡ್ಡಿಗಳ ಬದಿಯಿಂದ ಗಾಳಿ ಹೊರಬರುತ್ತದೆ, ಆ ಬದಿ ಖಾನೆಯ ಹೊರಕ್ಕಿರಲಿ. ಎಲೆಕ್ಟ್ರಿಕಲ್ ಅಂಗಡಿಯ 230 ವೋಲ್ಟ್ ಪ್ಯಾನೆಲ್ ಫ್ಯಾನ್ ಮನೆಗೆ ಬೇಡ: ಸದ್ದು ಜಾಸ್ತಿ, ಹಲವದರ ತಂತಿ ಕೂರಿಸುವ ಟರ್ಮಿನಲ್ ಮುಚ್ಚಿರುವುದಿಲ್ಲ.

ಫ್ಯಾನಿಗೆ ಬೇರೆಯೇ 12 ವೋಲ್ಟ್ 1 ಆಂಪಿಯರ್ ಅಡಾಪ್ಟರ್ ಕೊಡಿ, ರೂಟರಿನದ್ದರಿಂದ ಕವಲು ತೆಗೆಯಬೇಡಿ. ಮೂರು ತಂತಿಯ ಫ್ಯಾನಿನಲ್ಲಿ ಸಾಮಾನ್ಯವಾಗಿ ಕೆಂಪು ಪ್ಲಸ್, ಕಪ್ಪು ಮೈನಸ್. ಹಳದಿ ವೇಗದ ಸಿಗ್ನಲ್, ಅದಕ್ಕೆ ಟೇಪ್ ಸುತ್ತಿ ಬಿಡಿ. ಯುಎಸ್‌ಬಿಯಿಂದ ಓಡಿಸುವ ಆಸೆಯಿದ್ದರೆ 5 ವೋಲ್ಟಿನ ಫ್ಯಾನನ್ನೇ ಕೊಳ್ಳಿ. 12 ವೋಲ್ಟಿನ ಎಷ್ಟೋ ಫ್ಯಾನುಗಳು 5 ವೋಲ್ಟಿಗೆ ಮಿಸುಕುತ್ತವೆ, ತಿರುಗುವುದಿಲ್ಲ.

ದಿನವಿಡೀ ಓಡುವುದು ಬೇಡವಾದರೆ ಬಿಸಿ ಏರಿದಾಗ ಮಾತ್ರ ಫ್ಯಾನ್ ಓಡಿಸುವ ಡಬ್ಲ್ಯೂ1209 ಎಂಬ ಪುಟ್ಟ ಥರ್ಮೋಸ್ಟಾಟ್ ಬೋರ್ಡ್ ಹಾಕಿ. ಎಲ್ಲರೂ ಎಡವುವುದು ಇಲ್ಲೇ: ಬೋರ್ಡಿನ ಕೆ0, ಕೆ1 ಎಂಬ ಟರ್ಮಿನಲ್‌ಗಳು ಬರೀ ಸ್ವಿಚ್ಚು, ಅಲ್ಲಿ ತಾನಾಗಿ ಕರೆಂಟ್ ಬರುವುದಿಲ್ಲ. ಅಡಾಪ್ಟರಿನ ಪ್ಲಸ್ ಬೋರ್ಡಿನ +12ಕ್ಕೆ, ಅಲ್ಲಿಂದ ಒಂದು ತುಂಡು ತಂತಿ ಕೆ0ಗೆ. ಕೆ1ರಿಂದ ಫ್ಯಾನಿನ ಕೆಂಪು. ಕಪ್ಪು ಹಾಗೂ ಅಡಾಪ್ಟರಿನ ಮೈನಸ್ ಎರಡೂ ಬೋರ್ಡಿನ ಜಿಎನ್‌ಡಿಗೆ (ಮೈನಸ್ ಟರ್ಮಿನಲ್). ಬೋರ್ಡಿನ ಮೆನುವಿನಲ್ಲಿ ಪಿ0 ಅನ್ನು 'ಸಿ'ಯಲ್ಲಿ (ತಂಪು ಮಾಡುವ ಬಗೆ) ಇಟ್ಟು, ಫ್ಯಾನ್ ಶುರುವಾಗುವ ತಾಪವನ್ನು 36 ಡಿಗ್ರಿಗೆ ಹೊಂದಿಸಿ; ಶುರುವಾಗುವ, ನಿಲ್ಲುವ ತಾಪಗಳ ಅಂತರವಾದ ಪಿ1 ಎರಡಿದ್ದರೆ 34ಕ್ಕೆ ನಿಲ್ಲುತ್ತದೆ. ಸೆನ್ಸರ್ ಖಾನೆಯ ಮೇಲ್ಭಾಗದಲ್ಲಿ ತೂಗಾಡಲಿ, ಯಾವ ಪೆಟ್ಟಿಗೆಗೂ ತಾಗದಂತೆ.

ಬಾಗಿಲು ಮುಚ್ಚಿ ಕೆಳಗಿನ ಕಂಡಿಯ ಹತ್ತಿರ ಊದುಬತ್ತಿ ಹಿಡಿಯಿರಿ. ಹೊಗೆ ಒಳಕ್ಕೆ ಎಳೆದುಕೊಂಡು ಹೋದರೆ ಸರಿ. ಅಲ್ಲಾಡದೆ ನೇರ ಮೇಲೇರಿದರೆ ಬಾಗಿಲ ಸಂದಿಯಿಂದಲೇ ಗಾಳಿ ಬರುತ್ತಿದೆ, ಇಲ್ಲವೇ ಕಂಡಿ ಚಿಕ್ಕದಾಗಿದೆ.

ಹಲ್ಲಿ ನುಗ್ಗದಂತೆ ಎರಡೂ ತೂತಿಗೆ ಜಾಲರಿ ಬೇಕು. ಸೊಳ್ಳೆ ಪರದೆಯಷ್ಟು ಸಣ್ಣದಾದರೆ ಧೂಳು ಕಟ್ಟಿ ಗಾಳಿಯೇ ನಿಲ್ಲುತ್ತದೆ. ಬ್ಲೋವರಿನಲ್ಲಿ ಧೂಳು ತೆಗೆಯುವಾಗ ಸ್ವಿಚ್ ಆರಿಸಿ, ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಬಿಟ್ಟರೆ ಅತಿವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ.