ಕೆರೆ ಈಜಿನವರಿಗೆ ವಾಟರ್ ಪೋಲೋ ಕಲಿಸುವುದು

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಕಾಲೇಜಿಗೆ ಬರುವ ಹುಡುಗರು ತೋಟದ ಕೆರೆಯಲ್ಲೇ ಈಜು ಕಲಿತಿರುತ್ತಾರೆ. ತಲೆ ಎತ್ತಿ ಈಜುವುದು ಅವರ ಅಭ್ಯಾಸ. ರೇಸಿಗೆ ಇದು ದೋಷ, ಸೊಂಟ ಇಳಿದು ವೇಗ ಸಾಯುತ್ತದೆ. ವಾಟರ್ ಪೋಲೋಗೆ, ಅಂದರೆ ನೀರಿನಲ್ಲಿ ಈಜುತ್ತಾ ಚೆಂಡೆಸೆದು ಗೋಲು ಹೊಡೆಯುವ ಆಟಕ್ಕೆ, ಅದೇ ಬೇಕು, ಚೆಂಡೂ ಎದುರಾಳಿಯೂ ಕಾಣಬೇಕಲ್ಲ! ಹಾಗಾಗಿ ಅದನ್ನು ಬಿಡಿಸಲು ಹೋಗುವುದಿಲ್ಲ. 25 ಮೀಟರನ್ನು ಹತ್ತು ಸಲ ಈಜಿಸುತ್ತೇನೆ: ಐದು ತಲೆ ಎತ್ತಿ, ಐದು ತಲೆ ಇಳಿಸಿ.

ಕಷ್ಟವೆಲ್ಲ ಕಾಲಿನದು. ಕೆರೆಯವರು ಎರಡೂ ಕಾಲನ್ನು ಒಟ್ಟಿಗೆ ಕಪ್ಪೆಯಂತೆ ಒದೆಯುತ್ತಾರೆ, ಮೈ ಏಳುತ್ತದೆ, ಮುಳುಗುತ್ತದೆ. ಪೋಲೋದಲ್ಲಿ ತಳ ಮುಟ್ಟುವಂತಿಲ್ಲ, ಎತ್ತರ ಒಂದೇ ಸಮ ಇರಬೇಕು. ಅದಕ್ಕೆ ಎಗ್‌ಬೀಟರ್ ಕಿಕ್, ಮೊಟ್ಟೆ ಕಡೆಯುವ ಯಂತ್ರದಂತೆ ಕಾಲು ಸುತ್ತಿಸುವ ಒದೆತ. ಮೊದಲು ದಂಡೆಯಲ್ಲಿ ಕೂರಿಸುತ್ತೇನೆ: ಮೊಣಕಾಲು ಸೊಂಟಕ್ಕಿಂತ ಅಗಲ, ಪಾದ ಹೊರಕ್ಕೆ ಮಡಚಿ, ಒಂದಾದ ಮೇಲೊಂದು ಕಾಲು ಸುತ್ತಬೇಕು, ಬಲಗಾಲು ಎಡಕ್ಕೆ, ಎಡಗಾಲು ಬಲಕ್ಕೆ. ಆಮೇಲೆ ನೀರಿನಲ್ಲಿ 30 ಸೆಕೆಂಡು ಕಿಕ್, 30 ಸೆಕೆಂಡು ವಿರಾಮ, ಎಂಟು ಸಲ. ಅಂಗೈ ನೀರಲ್ಲಿ ಆಡಿಸಿಕೊಂಡು ಶುರು, ನಂತರ ಮಣಿಕಟ್ಟು ಹೊರಗೆ, ನಂತರ ಮೊಣಕೈ, ಕೊನೆಗೆ ಅರ್ಧ ನೀರು ತುಂಬಿದ 5 ಲೀಟರ್ ಕ್ಯಾನನ್ನು ತಲೆಯ ಮೇಲೆ ಎತ್ತಿ ಹಿಡಿದು. ಸುಸ್ತಾದಾಗ ಮೊಣಕಾಲು ಕೆಳಗಿಳಿಯುತ್ತದೆ, "ಮೊಣಕಾಲು ಮೇಲೆ ಮಾರಾಯಾ" ಎನ್ನುತ್ತಲೇ ಇರಬೇಕು. ಮೊಣಕಾಲಿನ ಒಳಬದಿ ನೋವೆಂದರೆ ಆ ವಾರ ಬ್ರೆಸ್ಟ್‌ಸ್ಟ್ರೋಕ್ (ಕಪ್ಪೆ ಈಜು) ಬಂದ್.

ಕಾಲಿನ ಕಿಕ್ ಹದಕ್ಕೆ ಬರುವ ತನಕ ಚೆಂಡು ಕೊಡುವುದಿಲ್ಲ. ಹಳೆಯ ವಾಲಿಬಾಲಂತೂ ಬೇಡ. ಅದು 260–280 ಗ್ರಾಂ, ಒದ್ದೆಯಾದರೆ ಜಾರುತ್ತದೆ. ಗಂಡಸರ ಪೋಲೋ ಚೆಂಡು 400–450 ಗ್ರಾಂ, ಹಗುರದಲ್ಲಿ ಪಳಗಿದ ಭುಜ ಇದಕ್ಕೆ ನೋಯುತ್ತದೆ. ಗೋಲ್‌ಕೀಪರ್ ಹೊರತು ಯಾರೂ ಎರಡು ಕೈ ಬಳಸುವಂತಿಲ್ಲವಾದ್ದರಿಂದ ಚೆಂಡಿನಡಿಗೆ ಕೈ ಹಾಕಿ ಎತ್ತುವುದೇ ಮೊದಲ ಪಾಠ.

ಗೋಲು ನಾವೇ ಮಾಡಿಕೊಳ್ಳುತ್ತೇವೆ: ಪಿವಿಸಿ ಪೈಪಿನ ಚೌಕಟ್ಟು, ಒಳಗಲ 3 ಮೀಟರ್, ಹಿಂದೆ ಮೀನುಬಲೆ. ಪೈಪಿನ ಬಾಯಿಗೆಲ್ಲ ಮುಚ್ಚಳ ಅಂಟಿಸಬೇಕು, ನೀರು ಹೊಕ್ಕರೆ ವಾಲುತ್ತದೆ. ಮೇಲಿನ ಪೈಪು ನೀರಿನಿಂದ 90 ಸೆಂಟಿಮೀಟರ್ ಎತ್ತರಕ್ಕೆ ಬರುವ ತನಕ ಬುಡಕ್ಕೆ ಖಾಲಿ ಕ್ಯಾನ್ ಕಟ್ಟಿ, ಹಗ್ಗಕ್ಕೆ ಮುರಕಲ್ಲು ಕಟ್ಟಿ ಇಳಿಬಿಡುತ್ತೇವೆ.

ಮಳೆಗಾಲದಲ್ಲಿ ಮೆಟ್ಟಿಲಿನ ಪಾಚಿ, ಕೆಂಪು ನೀರು. ತಳ ಕಾಣದಿದ್ದರೆ ಯಾರನ್ನೂ ಇಳಿಸುವುದಿಲ್ಲ. ಬೇಸಿಗೆಯಲ್ಲಿ ಬತ್ತಿ ಬಿಸಿಯೇರಿದ ಕೆರೆಗೂ ಇಲ್ಲ. ಕೇರಳದಲ್ಲಿ ಕಾಣಿಸಿಕೊಂಡಿರುವ ಅಮೀಬಿಕ್ ಮೆದುಳುಜ್ವರದ ಅಮೀಬಾ ಸಾಮಾನ್ಯವಾಗಿ ಮೂಗಿನಿಂದ ಒಳಹೋಗುವುದು. ಆಗ ದಡದ ವ್ಯಾಯಾಮ, ಇಲ್ಲವೇ ಕ್ಲೋರಿನ್ ಹಾಕಿದ ಈಜುಕೊಳ.