ಹಿಕ್ಕೆ ಕಲೆಗೆ ಮೊದಲು ಬಿಸಿ, ಆಮೇಲೆ ವಾಟರ್ ಪೇಪರ್: ನನ್ನ ಅನುಭವ

ಕಾರಿನ ಬಾನೆಟ್ ಮೇಲಿನ ಹಕ್ಕಿ ಹಿಕ್ಕೆ ಕಲೆಗೆ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ನುಣುಪಾದ ಮರಳು ಕಾಗದ) ಮುಟ್ಟಿಸುವ ಮೊದಲು ಹೀಟ್ ಗನ್ (ಬಿಸಿಗಾಳಿ ಊದುವ ಯಂತ್ರ) ಹಿಡಿಯಬೇಕು ಅಂದಾಗ ಶಿವಮೊಗ್ಗದ ಪೇಂಟರ್‌ಗಳು ಒಪ್ಪಲಿಲ್ಲ. ‘ಕ್ಲಿಯರ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಗುಳ್ಳೆ ಏಳುತ್ತೆ, ಆಮೇಲೆ ಇಡೀ ಬಾನೆಟ್‌ಗೆ ಬಣ್ಣ ಹೊಡೀಬೇಕು ಸಾರ್’ ಅನ್ನೋದೇ ಎಲ್ಲರ ಮಾತು. ಈಗ ಅವರಲ್ಲೇ ಕೆಲವರು ಗನ್ ತಂದಿಟ್ಟುಕೊಂಡಿದ್ದಾರೆ. ಹಾಗಾಗಿ ಧೈರ್ಯವಾಗಿ ಬರೆಯಬಹುದು.

ವಿಷಯ ಇಷ್ಟೇ. ತಾಜಾ ಕಲೆ ಗುಂಡಿಯಲ್ಲ, ಉಬ್ಬು. ಬಿಸಿಲಿಗೆ ಮೆತ್ತಗಾದ ಕ್ಲಿಯರ್ ಕೋಟ್ ಹಿಕ್ಕೆಯ ಹುಳಿಯನ್ನು ಹೀರಿ ಊದಿಕೊಳ್ಳುತ್ತದೆ, ಸಂಜೆ ತಣ್ಣಗಾದಾಗ ಮೇಲೆ ಒಣಗಿ ಕೂತ ಹಿಕ್ಕೆಯ ಆಕಾರಕ್ಕೇ ಬಿಗಿಯುತ್ತದೆ. ಮೇಲಿನ ಹಿಕ್ಕೆ ತೆಗೆದು ಅದೇ ಜಾಗವನ್ನು ಮತ್ತೆ ಬಿಸಿ ಮಾಡಿದರೆ ಬಹುಪಾಲು ತಾನೇ ಮಟ್ಟಸವಾಗುತ್ತದೆ. ನೇರ ಪೇಪರ್ ಹಾಕುವವರು ಆ ಉಬ್ಬನ್ನೇ ಕೆರೆದು ತೆಗೆಯುತ್ತಾರೆ. ಕೆಲವು ವಾರ ಬಿಟ್ಟು ಊತ ಇಳಿದಾಗ ಅದೇ ಜಾಗ ತಗ್ಗಾಗಿ ಕಾಣುತ್ತದೆ. ‘ಪಾಲಿಶ್ ಮಾಡಿಸಿದ ಮೇಲೆ ಕಲೆ ವಾಪಸ್ ಬಂತು’ ಅನ್ನೋ ದೂರುಗಳಲ್ಲಿ ಅರ್ಧ ಇದೇ.

ಆದರೆ ತೆಗೆಯುವ ಹಂತದಲ್ಲೇ ಹೆಚ್ಚಿನ ಹಾನಿ ಆಗಿರುತ್ತದೆ. ನಮ್ಮ ಕಡೆ ಆಲ, ಅರಳಿ, ಅತ್ತಿ ಹಣ್ಣು ತಿಂದ ಕುಟ್ರು, ಗೊರವಂಕ, ಪಿಕಳಾರಗಳ ಹಿಕ್ಕೆಯಲ್ಲಿ ಸಣ್ಣ ಬೀಜ ತುಂಬಿರುತ್ತವೆ. ಒಣ ಬಟ್ಟೆಯಲ್ಲಿ ಒಮ್ಮೆ ಎಳೆದರೆ ಸಾಕು, ಕಲೆಯ ಜೊತೆ ಗೀರು ಉಚಿತ. ಮಂಡಗದ್ದೆ ಕಡೆ ತುಂಗೆಯ ಪಕ್ಕ ಮರದಡಿ ನಿಲ್ಲಿಸಿದ ಕಾರಿನದು ಬೇರೆ ಕತೆ. ಬೆಳ್ಳಕ್ಕಿ, ನೀರುಕಾಗೆಗಳು ಮೀನು ತಿನ್ನುವ ಜಾತಿ, ಅವುಗಳ ಹಿಕ್ಕೆ ಸುಣ್ಣ ಎರಚಿದ ಹಾಗೆ ದೊಡ್ಡದಾಗಿ ಹರಡುತ್ತದೆ. ಬೀಜ ಇಲ್ಲ, ಆದರೆ ಒಣಗಿದ ಮೇಲೆ ಪದರವಾಗಿ ಕಚ್ಚಿಕೊಳ್ಳುತ್ತದೆ. ಎರಡಕ್ಕೂ ಮದ್ದು ನೆನೆಸುವುದೇ. ಗಾಡಿ ನೆರಳಿಗೆ ತಂದು, ಬಾನೆಟ್ ಕೈಗೆ ತಣ್ಣಗೆ ಹತ್ತಿದ ಮೇಲೆ, ಉಗುರು ಬೆಚ್ಚಗಿನ ನೀರಿಗೆ ಎರಡು ಹನಿ ಕಾರ್ ಶಾಂಪೂ ಹಾಕಿ ಟಿಶ್ಯೂ ಅದ್ದಿ ಹೊದಿಸಬೇಕು. ಹತ್ತು ನಿಮಿಷ, ಮೀನಿನದಾದರೆ ಇಪ್ಪತ್ತು. ಆಮೇಲೆ ಒರೆಸುವುದಲ್ಲ, ಎತ್ತುವುದು. ಹೊಸ ಟಿಶ್ಯೂ, ಮತ್ತೆ ಎತ್ತು. ಕೊನೆಗೆ ಅರ್ಧ ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕರಗಿಸಿ ಆ ಜಾಗಕ್ಕೆ ಸುರಿದು, ಎರಡು ನಿಮಿಷ ಬಿಟ್ಟು ಧಾರಾಳ ನೀರಲ್ಲಿ ತೊಳೆಯುತ್ತೇನೆ. ಸೋಡಾ ಬೇಕೇ ಬೇಕು ಅಂತೇನಿಲ್ಲ, ಆದರೆ ಖರ್ಚು ಐವತ್ತು ಪೈಸೆ. ಸೋಡಾ ಪುಡಿಯನ್ನು ಪೇಸ್ಟ್ ಮಾಡಿ ತಿಕ್ಕಬೇಡಿ, ಕಪ್ಪು ಗಾಡಿಯಲ್ಲಿ ಮಸುಕು ಬೀಳುತ್ತೆ.

ಇನ್ನು ಬಿಸಿ. ಮೊದಲು ಪೇಂಟ್ ಗೇಜ್ (ಬಣ್ಣದ ದಪ್ಪ ಅಳೆಯುವ ಸಾಧನ) ಇಟ್ಟು ನೋಡಿ. ಕಂಪನಿ ಬಣ್ಣ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ತೋರಿಸುತ್ತದೆ. ಅದು ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲ ಸೇರಿ. ಕ್ಲಿಯರ್ ಅದರಲ್ಲಿ 35–50 ಅಷ್ಟೇ. ಗೇಜ್ 300 ದಾಟಿದರೆ ರಿಪೇಂಟ್ ಆಗಿದೆ, ಒಳಗೆ ಪುಟ್ಟಿಯೂ ಇರಬಹುದು ಅಂತ ಅರ್ಥ, ಗನ್ ಕೆಳಗಿಡಿ. ಪೇಂಟರ್‌ಗಳು ಹೇಳುವ ಗುಳ್ಳೆ ಏಳುವುದು ಇಲ್ಲೇ. ಅವರು ನೋಡಿದ್ದು ಸುಳ್ಳಲ್ಲ, ಆದರೆ ನೋಡಿದ್ದು ರಿಪೇಂಟ್ ಆದ ಬಾನೆಟ್.

ಗನ್ ಅತಿ ಕಡಿಮೆ ಸೆಟ್ಟಿಂಗ್‌ನಲ್ಲಿ, ಒಂದು ಗೇಣು ದೂರ, ಕೈ ನಿಲ್ಲಿಸದೆ ಸುತ್ತಿಸುತ್ತಿರಬೇಕು. ಇನ್ನೊಂದು ಕೈಯಲ್ಲಿ ಇನ್‌ಫ್ರಾರೆಡ್ ಥರ್ಮಾಮೀಟರ್. ಬಣ್ಣದ ಮೇಲೆ ಅದು ಸರಿಯಾಗಿ ತೋರಿಸುತ್ತದೆ, ಕ್ರೋಮ್ ಪಟ್ಟಿಯ ಮೇಲೆ ಹಿಡಿದರೆ ತೀರಾ ಕಡಿಮೆ ತೋರಿಸಿ ಯಾಮಾರಿಸುತ್ತದೆ. ಬಾನೆಟ್ ಮೇಲೆ 65ರಿಂದ 70 ಡಿಗ್ರಿ ಬರಬೇಕು. ಏಪ್ರಿಲ್ ಮಧ್ಯಾಹ್ನ ಕಪ್ಪು ಗಾಡಿ ಬಯಲಲ್ಲಿ ನಿಂತು ತಾನೇ ಮುಟ್ಟುವ ಬಿಸಿ ಇದು, ಸುಡುವಂಥದ್ದೇನಲ್ಲ. ಅಲ್ಲಿ ಒಂದೆರಡು ನಿಮಿಷ ಹಿಡಿದು ಬಿಟ್ಟುಬಿಡಿ. ತಾನಾಗಿ ತಣಿಯಲಿ. ಆತುರಕ್ಕೆ ಒದ್ದೆ ಬಟ್ಟೆ ಹಾಕಿದರೆ ಕೆಲಸ ಕೆಟ್ಟಿತು. ಪೂರ್ತಿ ತಣಿದ ಮೇಲೆ ಟಾರ್ಚ್ ಅಡ್ಡ ಹಿಡಿದು ನೋಡಿ. ಅಂಚಿನ ಗೆರೆ ಮೊದಲು ಮಾಯವಾಗುತ್ತದೆ, ನಡುವಿನ ಮಂಕು ಕೊನೆಗೆ. ಹೀಗೆ ಬಿಸಿ ಮಾಡಿ ತಣಿಸುವ ಮೂರು ಸುತ್ತಿನಲ್ಲಿ ಬದಲಾವಣೆ ನಿಂತರೆ ಅದು ಇನ್ನು ಬಿಸಿಗೆ ಹೋಗುವ ಕಲೆಯಲ್ಲ.

ರೂಫ್ ಮೇಲೆ 60 ದಾಟಿಸಬೇಡಿ, ಒಳಗೆ ಲೈನಿಂಗ್ ಅಂಟು ಇದೆ. ಬಂಪರ್ ಮತ್ತು ಕನ್ನಡಿ ಕವರ್ ಪ್ಲಾಸ್ಟಿಕ್. ಅಲ್ಲಿ ಗನ್ ಬೇಡವೇ ಬೇಡ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ ನಾಲ್ಕೈದು ಸಲ ಹೊದಿಸಿದರೆ ಆಗುವಷ್ಟು ಆಗುತ್ತದೆ. ಅಗ್ಗದ ಗೇಜ್ ಪ್ಲಾಸ್ಟಿಕ್ ಮೇಲೆ ಓದುವುದೂ ಇಲ್ಲ, ಅಲ್ಲಿ ನೀವು ಕುರುಡರೇ.

ಒಂದೆರಡು ವಾರದ ಒಳಗಿನ ಕಲೆಗಳಲ್ಲಿ ಹತ್ತಕ್ಕೆ ಆರೇಳು ಇಷ್ಟಕ್ಕೇ ಹೋಗುತ್ತವೆ ಅನ್ನಬಹುದು, ಉಳಿದವು ತೆಳುವಾಗುತ್ತವೆ. ಉಳಿದದ್ದಕ್ಕೆ ಮೀಡಿಯಂ ಕಾಂಪೌಂಡ್ (ಉಜ್ಜಿ ಹೊಳಪು ತರುವ ಪೇಸ್ಟ್), ಫೋಮ್ ಪ್ಯಾಡ್, ಕೈಯಲ್ಲೇ. ಅದಕ್ಕೂ ಬಗ್ಗದಿದ್ದರೆ ಮಾತ್ರ 3000 ನಂಬರಿನ ವಾಟರ್ ಪೇಪರ್. ಶಾಂಪೂ ನೀರಲ್ಲಿ ಹದಿನೈದು ನಿಮಿಷ ನೆನೆಸಿ, ಬೆರಳಗಲದ ಎರೇಸರ್‌ಗೆ ಸುತ್ತಿ, ಒಂದೇ ದಿಕ್ಕಿಗೆ ಎಂಟು ಹತ್ತು ಸಲ ಉಜ್ಜಿ, ಒರೆಸಿ ನೋಡಿ. ಅದಕ್ಕಿಂತ ಒರಟಾದ 2000ದಿಂದ ಶುರು ಮಾಡುವ ಚಟ ಬಿಡಿ. ಅದರ ಗೀರು ತೆಗೆಯಲು ಹೋಗುವ ಕ್ಲಿಯರ್, ಕಲೆ ತೆಗೆಯಲು ಹೋಗುವುದಕ್ಕಿಂತ ಜಾಸ್ತಿ. ಪೇಪರ್ ಮತ್ತು ಕಾಂಪೌಂಡ್ ಸೇರಿ ನಾಲ್ಕೈದು ಮೈಕ್ರಾನ್ ಇಳಿದರೆ ನಿಲ್ಲಿಸುತ್ತೇನೆ. ಗೇಜ್‌ನದೇ ಎರಡು ಮೂರು ಮೈಕ್ರಾನ್ ಏರುಪೇರು ಇರುವುದರಿಂದ ಒಂದೇ ಜಾಗದಲ್ಲಿ ಐದು ಸಲ ಇಟ್ಟು ಸರಾಸರಿ ಹಿಡಿಯಿರಿ. ಬಿಸಿಲು ತಡೆಯುವ ಸತ್ವ ಕ್ಲಿಯರ್‌ನಲ್ಲೇ ಇರುವುದು. ಅದು ತೆಳುವಾದಷ್ಟೂ ಮುಂದಿನ ಬೇಸಿಗೆಗಳಲ್ಲಿ ಸಿಪ್ಪೆ ಏಳುವ ಭಯ. ಬಾನೆಟ್ ಅಂಚು ಮತ್ತು ಮಡಿಕೆ ಗೆರೆಗಳ ಮೇಲೆ ಪೇಪರ್ ಮುಟ್ಟಿಸಲೇಬಾರದು, ಅಲ್ಲಿ ಬಣ್ಣ ಮೊದಲೇ ತೆಳು. ಪ್ಯಾಡ್‌ಗೆ ಗಾಡಿಯ ಬಣ್ಣ ಹತ್ತಿದರೆ ಕ್ಲಿಯರ್ ದಾಟಿದ್ದೀರಿ, ಅಥವಾ ಕ್ಲಿಯರ್ ಇಲ್ಲದ ಹಳೆಯ ಸಾಲಿಡ್ ಬಣ್ಣ.

ಮುಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿಗೆ ಸಮ ನೀರು ಬೆರೆಸಿ ಒರೆಸಿ ನೋಡಿ. ಕೆಲವು ಕಾಂಪೌಂಡ್‌ನ ಎಣ್ಣೆ ಗೀರು ಮುಚ್ಚಿಟ್ಟು ಹೊಳೆಯುತ್ತದೆ, ಮಳೆಗಾಲದ ಮೊದಲ ವಾರದಲ್ಲೇ ಆ ಗೀರು ಬಯಲು. ಕೊನೆಯ ಕೈಗೆ ನಾನು ಎರಡು ಪಾಲಿಶ್ ಬೆರೆಸುತ್ತೇನೆ. ಯಾವುವು, ಎಷ್ಟೆಷ್ಟು ಅನ್ನೋದು ಸದ್ಯಕ್ಕೆ ನನ್ನ ಡಬ್ಬಿಯಲ್ಲೇ ಇರಲಿ.

ಮಲೆನಾಡಿನಲ್ಲಿ ‘ಮಳೆ ತೊಳೆಯುತ್ತೆ ಬಿಡಿ’ ಅನ್ನುವವರು ಬಹಳ. ಜಿಟಿಜಿಟಿ ಮಳೆ ತೊಳೆಯುವುದಿಲ್ಲ, ಒಣಗಿದ್ದನ್ನು ಮತ್ತೆ ನೆನೆಸುತ್ತದೆ. ನಾಲ್ಕು ದಿನ ಜಡಿ, ಒಂದು ಮಧ್ಯಾಹ್ನ ಹೊಳವಾಗಿ ಚುರುಕ್ ಬಿಸಿಲು ಬಂತೋ, ಬೇಸಿಗೆಯಷ್ಟೇ ಕಚ್ಚುತ್ತದೆ.

ತಡೆಯಲು ಏನೇನೋ ನೋಡಿದ್ದಾಯ್ತು. ಕೊಬ್ಬರಿ ಎಣ್ಣೆ ಸವರುವುದು ದಂಡ, ಸಂಜೆಯೊಳಗೆ ಕೆಂಪು ಧೂಳೆಲ್ಲ ಅಂಟುತ್ತದೆ. ಅಂಟುವಾಳ ಕಾಯಿಯ ನೀರು ಹಿಕ್ಕೆ ನೆನೆಸಲು ನಿಜಕ್ಕೂ ಚೆನ್ನಾಗಿದೆ, ಆದರೆ ತಕ್ಷಣ ತೊಳೆಯದಿದ್ದರೆ ಬಿಳಿ ಗಾಡಿಯ ಮೇಲೆ ಕಂದು ವರ್ತುಲ ಉಳಿಯುತ್ತದೆ. ಅಡಿಕೆ ಮುಚ್ಚುವ ಟಾರ್ಪಾಲು ಹೊದಿಸಿದರೆ ಒಳಗೆ ಬೆವರು, ಗಾಳಿಗೆ ಮೂಲೆಗಳಲ್ಲಿ ಉಜ್ಜು. ಗೆದ್ದದ್ದು ನರ್ಸರಿಯವರ ಶೇಡ್ ನೆಟ್, ಎರಡು ಪದರ, ಗಾಡಿಗೆ ತಾಗದ ಹಾಗೆ ಎರಡಡಿ ಮೇಲೆ ಇಳಿಜಾರಾಗಿ ಕಟ್ಟಿದ್ದು. ಒಂದೇ ಪದರದಲ್ಲಿ ನೀರಾದ ಹಿಕ್ಕೆ ಸೋರುತ್ತದೆ. ಕಂಬ, ತಂತಿ ಸೇರಿ ಎರಡೂವರೆ ಸಾವಿರದೊಳಗೆ ಮುಗಿಯಿತು ಅಂತ ನೆನಪು.

ಸೆರಾಮಿಕ್ ಕೋಟಿಂಗ್‌ಗೆ ಹದಿನೈದು ಇಪ್ಪತ್ತು ಸಾವಿರ ಕೇಳುತ್ತಾರೆ. ಅದು ಹಿಕ್ಕೆಯನ್ನು ತಡೆಯುವುದಿಲ್ಲ, ಬೇಗ ಬಿಡುವಂತೆ ಮಾಡುತ್ತದೆ, ಒಂದಷ್ಟು ಹೊತ್ತು ಹೆಚ್ಚು ಸಿಗುತ್ತದೆ. ಬಿಸಿಲಲ್ಲಿ ದಿನವಿಡೀ ಬಿಟ್ಟರೆ ಅದಕ್ಕೂ ಕಲೆಯೇ. ಆ ದುಡ್ಡಿಗೆ ಬದಲು ಸಿಂಥೆಟಿಕ್ ಸೀಲಂಟ್ (ಬಣ್ಣ ಕಾಯುವ ಲೇಪ) ಮೂರು ತಿಂಗಳಿಗೊಮ್ಮೆ ಹಚ್ಚಿ, ಡಿಕ್ಕಿಯಲ್ಲಿ ಒಂದು ಸ್ಪ್ರೇ ಬಾಟಲಿ, ಟಿಶ್ಯೂ ಇಡುವುದೇ ಲೇಸು. ಕಾರ್ನೂಬಾ ವ್ಯಾಕ್ಸ್ ಹೊಳಪಿಗೆ ಸರಿ, ನಮ್ಮ ಬಿಸಿಲು ಮಳೆಗೆ ಆರು ವಾರ ತಡೆದರೆ ಹೆಚ್ಚು. ಗನ್, ಥರ್ಮಾಮೀಟರ್, ಗೇಜ್, ಕಾಂಪೌಂಡ್ ಎಲ್ಲ ಸೇರಿ ನನಗೆ ಆರು ಸಾವಿರದ ಆಸುಪಾಸು ಬಿದ್ದಿದೆ, ಒಂದೂವರೆ ಬಾನೆಟ್ ಹೊಡೆಸುವ ದುಡ್ಡು.

ಜೇಡನ ಬಲೆಯಂತೆ ಸಣ್ಣ ಬಿರುಕು ಕಂಡರೆ ಮಾತ್ರ ಬಿಸಿಯೂ ಬೇಡ, ಪೇಪರೂ ಬೇಡ. ಕ್ಲಿಯರ್ ಒಡೆದಿದೆ, ಹೊಡೆಸಲೇಬೇಕು. ಅಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಿ: ಕಲೆಯ ಜಾಗಕ್ಕಷ್ಟೇ ಕ್ಲಿಯರ್ ಹೊಡೆದು ನಡುವೆ ಬಿಡಬಾರದು, ಇಡೀ ಪ್ಯಾನೆಲ್ ಅಂಚಿನವರೆಗೂ ಬರಬೇಕು. ಇಲ್ಲದಿದ್ದರೆ ಮುಂದೆ ಆ ಗಡಿಯಿಂದಲೇ ಸಿಪ್ಪೆ ಏಳುವ ಸಂಭವ ಹೆಚ್ಚು. ಹೊಸ ಕ್ಲಿಯರ್ ಪೂರ್ತಿ ಗಟ್ಟಿಯಾಗಲು ಒಂದು ತಿಂಗಳು ಬೇಕು. ಅಲ್ಲಿಯವರೆಗೆ ವ್ಯಾಕ್ಸ್, ಸೀಲಂಟ್ ಯಾವುದೂ ಹಚ್ಚಬೇಡಿ. ಹಿಕ್ಕೆ ಬಿದ್ದರೆ ಹಳೆಯ ಬಣ್ಣಕ್ಕಿಂತ ಬೇಗ ಕಚ್ಚುವುದೂ ಆ ತಿಂಗಳಲ್ಲೇ, ಹಾಗಾಗಿ ಗಾಡಿಯನ್ನು ಹಣ್ಣು ಬಿಟ್ಟ ಮರಗಳಿಂದ ದೂರವೇ ನಿಲ್ಲಿಸಿ.