ಹ್ಯುಮಿಡಾರ್‌ನಲ್ಲಿ ತೇವಾಂಶ ಏರುಪೇರಾಗದಂತೆ ನೋಡಿಕೊಳ್ಳುವುದು

ಸಿಗಾರ್ ಒಣಗದಂತೆ ಇಡುವ ಪೆಟ್ಟಿಗೆಯೇ ಹ್ಯುಮಿಡಾರ್. ಅದರೊಳಗೆ ತೇವಾಂಶ ಶೇ. 65ರಿಂದ 70ರೊಳಗೆ ನಿಂತರೆ ಸಾಕು. ಆದರೆ ಮೊದಲು ತೇವಾಂಶ ಅಳೆಯುವ ಹೈಗ್ರೋಮೀಟರ್ ನಿಜ ಹೇಳುತ್ತಿದೆಯೇ ನೋಡಿ. ಬಾಟಲಿ ಮುಚ್ಚಳಕ್ಕೆ ಉಪ್ಪು ಹಾಕಿ, ಕೆಲವು ಹನಿ ನೀರು ಬಿಟ್ಟು ಒದ್ದೆ ಮರಳಿನಂತೆ ಮಾಡಿ. ನೀರು ಮೇಲೆ ನಿಲ್ಲಬಾರದು. ಮೀಟರ್ ಜೊತೆ ಜಿಪ್ ಕವರಿನಲ್ಲಿಟ್ಟು ಬಿಗಿಯಾಗಿ ಮುಚ್ಚಿ, 24 ಗಂಟೆ ಬಿಡಿ. 75 ತೋರಿಸಬೇಕು. 71 ಬಂತೇ? ಇನ್ನು ಮುಂದೆ 4 ಕೂಡಿಸಿ ಓದಿ.

ಹೊಸ ಪೆಟ್ಟಿಗೆಯ ಸೀಡರ್ ಮರ ಒಣಗಿರುತ್ತದೆ, ಹಾಗೇ ತುಂಬಿದರೆ ಸಿಗಾರಿನ ತೇವವನ್ನೇ ಹೀರುತ್ತದೆ. ಖಾಲಿ ಪೆಟ್ಟಿಗೆಯಲ್ಲಿ ಶೇ. 84ರ ಬೊವೇಡಾ ಪ್ಯಾಕೆಟ್ (ತೇವಾಂಶವನ್ನು ಅದರ ಮೇಲಿನ ಅಂಕಿಯಲ್ಲೇ ಹಿಡಿದಿಡುವ ಪ್ಯಾಕೆಟ್) ಇಟ್ಟು 14 ದಿನ ಮುಚ್ಚಿಡಿ. ಒದ್ದೆ ಬಟ್ಟೆಯಲ್ಲಿ ಒರೆಸುವ ಅಡ್ಡದಾರಿ ಬೇಡ. ಮರ ಸೊಟ್ಟಗಾದರೆ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಆಮೇಲೆ ಶೇ. 69ರ ಪ್ಯಾಕೆಟ್: ಪೆಟ್ಟಿಗೆ ಹಿಡಿಯುವ ಪ್ರತಿ 25 ಸಿಗಾರಿಗೆ 60 ಗ್ರಾಮಿನದು ಒಂದು.

ಪ್ಯಾಕೆಟ್ ಬದಲು ತೇವ ಕೊಡುವ ಸ್ಪಂಜ್ ಇಡುವುದಾದರೆ, ಅದಕ್ಕೆ ಡಿಸ್ಟಿಲ್ಡ್ ವಾಟರ್ ಮಾತ್ರ. ನಲ್ಲಿ ನೀರಿನ ಲವಣ ಅದರ ರಂಧ್ರ ಮುಚ್ಚುತ್ತದೆ.

ಅಂಕಿ ಇಳಿಯುತ್ತಲೇ ಇದ್ದರೆ ಟಾರ್ಚ್ ಹಚ್ಚಿ ಒಳಗಿಟ್ಟು, ಕತ್ತಲಲ್ಲಿ ಮುಚ್ಚಳದ ಸಂದು ನೋಡಿ. ಬೆಳಕು ಸೋರುವ ಕಡೆಯೇ ತೇವವೂ ಸೋರುತ್ತಿರುತ್ತದೆ. ಏರುತ್ತಿದ್ದರೆ ಸ್ಪಂಜ್ ತೆಗೆದು, ಮುಚ್ಚಳವನ್ನು ಸ್ವಲ್ಪ ಹೊತ್ತು ತೆರೆದಿಡಿ, ಶೇ. 75 ದಾಟಿದರೆ ಬೂಷ್ಟು ಹಿಡಿಯುವುದು ತಡವಾಗುವುದಿಲ್ಲ.